ಕಣಕ್ಕಿಳಿದ ಕಾರು

ಬೆಲ್ಲದ ಮಂಡಿಯ ತಿಪ್ಪೇರುದ್ರಪ್ಪ ಸಾಹುಕಾರರು ತಮ್ಮ ಕಾರು ಹಾಳಾಗಬಾರದೆಂದು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋದದ್ದೇ ಆ ದಿನದ ಅವಾಂತರಕ್ಕೆಲ್ಲ ಮೂಲ.

ಸ್ವರಾಜ್ಯ ಬಂದು ಇನ್ನೂ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಹಿಂದೂಪುರದಲ್ಲಿ ಕಾರು ಇಟ್ಟುಕೊಂಡವರೇ ಅಪರೂಪ. ಇಟ್ಟುಕೊಂಡೂ ಓಡಿಸದವರು ಸಾಹುಕಾರರೊಬ್ಬರೇ. ಮನೆಯಿಂದ ಮಂಡಿಗೆ, ಸೋಮವಾರ ಈಶ್ವರನ ಗುಡಿಗೆ, ಅಷ್ಟೇ ಅದರ ಸಂಚಾರ. ಉಳಿದ ಹೊತ್ತೆಲ್ಲ ಅದು ಮಂಡಿಯ ಹಿಂದಿನ ಶೆಡ್ಡಿನಲ್ಲಿ ಬಾಣಂತಿಯ ಹಾಗೆ ಮೈತುಂಬ ದುಪ್ಪಟಿ ಹೊದ್ದು ಮಲಗಿರುತ್ತಿತ್ತು. ರಸ್ತೆಯಲ್ಲಿ ಒಂದು ಗುಂಡಿ ಕಂಡರೆ ಸಾಕು, ಸಾಹುಕಾರರು ಇಳಿದು ನಡೆದುಬಿಡುತ್ತಿದ್ದರು. ತಮ್ಮ ಭಾರವಾದರೂ ಅದಕ್ಕೆ ತಪ್ಪಲಿ ಎಂದು.

ಆ ಕಾರನ್ನು ಓಡಿಸಲು ಬರುತ್ತಿದ್ದದ್ದು ಮಂಡಿಯ ಗುಮಾಸ್ತೆ ಶಿವಯೋಗಪ್ಪನಿಗೆ. ಶನಿವಾರ ಬಸ್ಸು ಹತ್ತುವ ಮುಂಚೆ ಸಾಹುಕಾರರು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಹೇಳಿದ್ದರು: "ಶಿವಯೋಗಿ, ನಾಳೆ ಸಂಜೆ ಬಸ್ಸಿಗೆ ಬತ್ತೀನಿ. ಅಲ್ಲಿಗಂಟ ಹೊದಿಕೆ ತೆಗೀಬ್ಯಾಡ. ಅದರ ಮೈಮ್ಯಾಲೆ ಒಂದು ಗೀರು ಕಂಡ್ತೋ, ನೀನು ನಾಡಿದ್ದಿನಿಂದ ಮಂಡಿ ಮೆಟ್ಲು ಹತ್ತೋದು ಬ್ಯಾಡ."

ಶಿವಯೋಗಪ್ಪನೂ ಹೊದಿಕೆ ತೆಗೆಯುವವನಲ್ಲ. ಆದರೆ ಅವನಿಗೆ ನಿರ್ಮಲಮ್ಮನೆಂಬ ಹೆಂಡತಿಯಿದ್ದಳು. ನಿರ್ಮಲಮ್ಮನಿಗೆ ಒಂದು ಹರಕೆಯಿತ್ತು. ಗಂಡನಿಗೆ ಮಂಡಿಯಲ್ಲಿ ಕೆಲಸ ಸಿಕ್ಕಿದರೆ ಇಬ್ಬರೂ ಹೋಗಿ ರೊದ್ದಂ ಆಚೆಯ ಕರಿಗುಡ್ಡದ ಮೇಲೆ ವೀರಭದ್ರಸ್ವಾಮಿಗೆ ತುಪ್ಪದ ದೀಪ ಹಚ್ಚುತ್ತೇವೆಂದು ಅವಳು ಹೇಳಿಕೊಂಡು ವರ್ಷಗಳಾಗಿದ್ದವು. ಕೆಲಸವೇನೋ ಸಿಕ್ಕಿತು. ಗುಡ್ಡ ಹತ್ತುವುದು ಮಾತ್ರ ಆಗಲಿಲ್ಲ. ಎತ್ತಿನ ಗಾಡಿಯಲ್ಲಿ ಹೋಗಿಬರುವಷ್ಟು ರಜಾ ಸಾಹುಕಾರರು ಕೊಡರು. ಬಸ್ಸಿನ ಹೊಗೆ ಮೂಗಿಗೆ ಬಡಿದರೆ ನಿರ್ಮಲಮ್ಮನಿಗೆ ಹೊಟ್ಟೆ ತೊಳೆಸಿ ಊರಾಚೆಗೇ ಇಳಿಯಬೇಕಾಗುತ್ತಿತ್ತು. ಹರಕೆ ಹಾಗೇ ಉಳಿದದ್ದರಿಂದ ಶಿವಯೋಗಪ್ಪ ಸೀನಿದರೂ ಅವಳಿಗೆ ಅದರಲ್ಲಿ ಸ್ವಾಮಿಯ ಕೋಪವೇ ಕಾಣುತ್ತಿತ್ತು.

ಭಾನುವಾರ ಬೆಳಗ್ಗೆ ಅವಳು ಮೊಳೆಗೆ ತಗಲಿಹಾಕಿದ್ದ ಬೀಗದ ಕೈಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ನಿರ್ಮಲಾ, ಬ್ಯಾಡ," ಎಂದ ಶಿವಯೋಗಪ್ಪ. ಅವಳಿನ್ನೂ ಬಾಯೇ ಬಿಟ್ಟಿರಲಿಲ್ಲ.

"ನಾನೇನಂದೆ? ಸ್ವಾಮಿ ಕೊಟ್ಟ ಕೆಲಸಾನ ಸ್ವಾಮಿನೇ ಕಿತ್ಕೊಂಡ್ರೆ ಆಮ್ಯಾಲೆ ನನ್ನ ಬಯ್ಯಬ್ಯಾಡಿ, ಅಷ್ಟೇಯ."

"ಸ್ವಾಮಿ ನಿಧಾನಕ್ಕೆ ಕಿತ್ಕೊಂತಾನೆ. ಸಾಹುಕಾರ್ರು ಒಂದೇ ಮಾತಿಗೆ ಕಿತ್ಕೊಂತಾರೆ."

"ಸಾಹುಕಾರ್ರು ಬರೋದು ಸಂಜಿಗೆ. ಸ್ವಾಮಿ ಈಗ್ಲೂ ನೋಡ್ತಾವ್ನೆ."

ಶಿವಯೋಗಪ್ಪ ಎದ್ದು ಮೊಳೆಯಿಂದ ಬೀಗದ ಕೈ ತೆಗೆದುಕೊಂಡ. ಬಿಸಿಲೇರುವ ಮುಂಚೆ ದುಪ್ಪಟಿ ಮಡಚಿ ಶೆಡ್ಡಿನ ಮೂಲೆ ಸೇರಿತು, ಕಾರು ರೊದ್ದಂ ದಾರಿ ಹಿಡಿಯಿತು. ನಿರ್ಮಲಮ್ಮ ಕಿಟಕಿಯಿಂದ ಮುಖ ಹೊರಗಿಟ್ಟು ಪುಷ್ಯದ ತಣ್ಣನೆಯ ಗಾಳಿಗೆ ನಗುತ್ತ ಕೂತಿದ್ದಳು. ಅವಳನ್ನು ನೋಡಿ ಶಿವಯೋಗಪ್ಪನಿಗೂ ಖುಷಿಯಾಯಿತು. ದೊಡ್ಡ ರಸ್ತೆ ಬಿಟ್ಟು ಗುಡ್ಡದ ಕಡೆಗೆ ತಿರುಗುವವರೆಗೂ ಆ ಖುಷಿ ಇತ್ತು.

ಅಲ್ಲಿಂದ ಮುಂದೆ ರಸ್ತೆಯೆಂಬುದು ಬರೀ ಗಾಡಿಯ ಚಕ್ರದ ಜಾಡು. ಶಿವಯೋಗಪ್ಪ ಒಂದೊಂದು ಕಲ್ಲಿಗೂ ನಿಂತು, ಇಳಿದು, ಅದನ್ನು ಪಕ್ಕಕ್ಕೆ ಸರಿಸಿ, ಮತ್ತೆ ಹತ್ತಿ, ಅಂತೂ ಗುಡ್ಡದ ಬುಡದ ಹಳ್ಳಿಗೆ ಕಾರನ್ನು ತಂದು ನಿಲ್ಲಿಸಿದ. ಕ್ಷಣದಲ್ಲಿ ಊರಿಗೆ ಊರೇ ಸುತ್ತ ನೆರೆಯಿತು. ಎಲ್ಲರಿಗಿಂತ ಮುಂದೆ ದಾಸಣ್ಣ ನಿಂತಿದ್ದ. ಊರಿಗೆ ಯಾರು ಬಂದರೂ ಅವರ ಕೆಲಸವನ್ನು ತನ್ನ ತಲೆಯ ಮೇಲೆ ಎಳೆದುಕೊಳ್ಳುವುದು ಅವನ ಹುಟ್ಟುಗುಣ.

"ಎವರಿದಿ ಸ್ವಾಮಿ ಕಾರು? ಯಾರ್ದಿದು?" ಎಂದು ತೆಲುಗು, ಕನ್ನಡ ಎರಡರಲ್ಲೂ ಕೇಳಿದ.

"ಹಿಂದೂಪುರದ ತಿಪ್ಪೇರುದ್ರಪ್ಪ ಸಾಹುಕಾರ್ರದು," ಎಂದಳು ನಿರ್ಮಲಮ್ಮ.

ಕದ್ದು ತಂದದ್ದೆಂದು ಯಾರಾದರೂ ತಿಳಿದಾರೆಂದು ಹೆದರಿ ಶಿವಯೋಗಪ್ಪ ಬಾಯಿ ಹಾಕಿದ: "ಅವರೇ ಕಳ್ಸಿದ್ದು. ದೇವರ ಕಾರ್ಯಕ್ಕೆ ಹೋಗಿಬನ್ನಿ ಅಂತ."

"ಧರ್ಮಾತ್ಮರು!" ಎಂದಳು ಚೌಡಕ್ಕ. ಹಲ್ಲು ಉದುರಿದರೂ ದನಿ ಉದುರದ ಮುದುಕಿ ಅವಳು; ಊರಿನ ಯಾವ ಮಾತೂ ಅವಳನ್ನು ದಾಟಿ ಹೋಗುತ್ತಿರಲಿಲ್ಲ.

ಈಗ ಕಾರನ್ನು ಬಿಟ್ಟುಹೋಗುವುದೆಲ್ಲಿ? ಶಿವಯೋಗಪ್ಪ ಹುಣಸೆಮರದ ನೆರಳಿಗೆ ತಿರುಗಿಸಿದ.

"ಅಲ್ಲಿ ಬ್ಯಾಡ್ರಪ್ಪ, ಜೇನು ಕಟ್ಟೈತೆ," ಎಂದ ದಾಸಣ್ಣ. "ನಮ್ಮ ಹುಡುಗ್ರು ಕಲ್ಲು ಹೊಡೀತಾವೆ. ಜೇನಿಗೆ ಬೀಳೋ ಕಲ್ಲು ಕಮ್ಮಿ."

ನೀರಿನ ಕುಂಟೆಯ ಪಕ್ಕ ನಿಲ್ಲಿಸೋಣವೆಂದರೆ ಚೌಡಕ್ಕ ತಲೆಯಾಡಿಸಿದಳು. "ಎಮ್ಮೆ ನೀರಿಂದ ಎದ್ದು ಬಂದ್ವು ಅಂದ್ರೆ ಮೈ ತಿಕ್ಕೋಕೆ ಏನಾದ್ರೂ ಬೇಕು ಕಣಪ್ಪ ಅವಕ್ಕೆ."

ದೊಡ್ಡ ಬಂಡೆಯ ಮಗ್ಗುಲಿಗೆ ಹೋದರೆ ಬಂಡೆಯ ಮೇಲೆ ಆಡುಗಳು ಸಾಲಾಗಿ ನಿಂತು, ಕಾರಿನ ನೆತ್ತಿಗೂ ತಮಗೂ ಎಷ್ಟು ದೂರವೆಂದು ಲೆಕ್ಕ ಹಾಕುತ್ತಿದ್ದವು. ಪ್ರತಿ ಜಾಗದಲ್ಲೂ ಶಿವಯೋಗಪ್ಪನಿಗೆ ಸಾಹುಕಾರರ ಮುಖ ಕಾಣಿಸಿತು. ಅಷ್ಟರಲ್ಲಿ ಗುಡ್ಡದ ಮೆಟ್ಟಿಲ ಬಲಕ್ಕೆ ಅವನ ಕಣ್ಣು ಬಿತ್ತು. ಆಹಾ! ದುಂಡಗೆ, ಮಟ್ಟಸವಾಗಿ, ಒಂದು ಕಲ್ಲಿಲ್ಲ, ಒಂದು ಮುಳ್ಳಿಲ್ಲ, ಸಗಣಿ ಸಾರಿಸಿ ಒಣಗಿದ ನೆಲ. ನಡುವೆ ಒಂದು ಕಂಬ. ಅವನಿಗಾಗಿಯೇ ಯಾರೋ ಸಿದ್ಧಮಾಡಿಟ್ಟ ಹಾಗಿತ್ತು.

"ರೀ, ಅದು ಕಣ," ಎಂದಳು ನಿರ್ಮಲಮ್ಮ. "ಕಾಳು ಬಡಿಯೋ ಜಾಗ."

"ನಂಗೆ ಗೊತ್ತಿಲ್ವಾ? ಖಾಲಿ ಐತಲ್ಲ! ನಾವು ಹೋಗಿ ಬರೋಷ್ಟರಲ್ಲಿ ಯಾರು ಕಣ ಮಾಡ್ತಾರೆ?"

ಕಾರು ಸರಾಗವಾಗಿ ಕಣದೊಳಕ್ಕಿಳಿದು ಮೇಟಿಕಂಬದ ಪಕ್ಕ ನಿಂತಿತು. ದಾಸಣ್ಣ ಚೌಡಕ್ಕನ ಮುಖ ನೋಡಿದ, ಚೌಡಕ್ಕ ದಾಸಣ್ಣನ ಮುಖ ನೋಡಿದಳು. ಅಷ್ಟು ಹೊತ್ತು ಒಂದೇ ಸಮನೆ ಬುದ್ಧಿ ಹೇಳುತ್ತಿದ್ದ ಜನ ಈಗ ಒಬ್ಬರೂ ತುಟಿ ಬಿಚ್ಚಲಿಲ್ಲ. ಶಿವಯೋಗಪ್ಪನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

"ಹೋಗ್ಬನ್ನಿ ಸ್ವಾಮಿ," ಎಂದ ದಾಸಣ್ಣ, ಮದುವೆಮನೆಯವರ ಹಾಗೆ ಕೈ ಜೋಡಿಸಿ. "ನಿಧಾನಕ್ಕೆ ಬನ್ನಿ. ನಾವೆಲ್ಲ ನೋಡ್ಕೊಂತೀವಿ."

ಗುಡ್ಡವೇನೂ ಭಾರಿ ಎತ್ತರದ್ದಲ್ಲ. ಮೆಟ್ಟಿಲು ಮಾತ್ರ ಒಂದೊಂದು ಒಂದೊಂದು ಅಳತೆ. ನಿರ್ಮಲಮ್ಮ ಸೆರಗು ಸಿಕ್ಕಿಸಿಕೊಂಡು ಆಡಿನ ಮರಿಯ ಹಾಗೆ ಮುಂದೆ ಮುಂದೆ ಹೋದಳು. ಶಿವಯೋಗಪ್ಪ ಏದುಸಿರು ಬಿಡುತ್ತ ಹಿಂದೆ ಬಂದ. ಮೇಲೆ ದೀಪ ಹಚ್ಚಿದಾಗ ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಇನ್ನು ನಿಮ್ಮ ಕೆಲಸಕ್ಕೆ ಯಾವ ಭಯಾನೂ ಇಲ್ಲ ಕಣ್ರೀ," ಎಂದಳು. ಶಿವಯೋಗಪ್ಪನಿಗೂ ಎದೆ ಹಗುರಾಯಿತು. ಹಾಯಾಗಿ ಬಂಡೆಯ ತುದಿಗೆ ಬಂದು ಕೆಳಗೆ ನೋಡಿದ.

ಕಣ ಕಾಣಲಿಲ್ಲ. ಕಣವಿದ್ದಲ್ಲಿ ಕಂದುಬಣ್ಣದ ದೊಡ್ಡ ಹಾಸಿಗೆಯೊಂದು ಹರಡಿತ್ತು. ಅದರ ನಡುವೆ ಸಾಹುಕಾರರ ಕಾರು ಅರ್ಧ ಮುಳುಗಿ ನಿಂತಿತ್ತು. ನಾಲ್ಕೂ ಕಡೆಯಿಂದ ಜನ ತಲೆಯ ಮೇಲೆ ಹೊರೆ ಹೊತ್ತು ಇರುವೆಗಳ ಹಾಗೆ ಸಾಲುಗಟ್ಟಿ ಬರುತ್ತಿದ್ದರು.

ಹತ್ತುವಾಗ ಒಂದೊಂದಾಗಿ ಎಣಿಸಿದ ಮೆಟ್ಟಿಲುಗಳನ್ನು ಅವನು ಇಳಿಯುವಾಗ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕೆಳಗೆ ಬಂದು ನೋಡಿದರೆ ಕಾರಿನ ಮೂತಿಗೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ, ದೀಪದ ಕಣ್ಣುಗಳಿಗೆ ಚೆಂಡುಹೂವಿನ ಹಾರ. ಸುತ್ತ ಮೊಣಕಾಲುದ್ದ ಹುರುಳಿಗಿಡ. ಕಣದ ಯಜಮಾನ ವೆಂಕಟರಮಣಪ್ಪ ಕಾಯಿ ಒಡೆದು, ಒಂದು ಹೋಳನ್ನು ಶಿವಯೋಗಪ್ಪನ ಕೈಗಿತ್ತ.

"ಇದೇನ್ರಪ್ಪ ಇದು!" ಎಂದು ಶಿವಯೋಗಪ್ಪ ಕೂಗಿದ. "ನಾನು ಈಗ್ಲೇ ಹೊಂಡ್ಬೇಕು!"

"ಅದೆಂಗಾಯ್ತದೆ ಸ್ವಾಮಿ?" ವೆಂಕಟರಮಣಪ್ಪನ ದನಿಯಲ್ಲಿ ಬೇಸರವಿರಲಿಲ್ಲ, ಆಶ್ಚರ್ಯವಿತ್ತು. "ನಿನ್ನೆ ಕಣ ಸಾರ್ಸಿ ಪೂಜೆ ಮಾಡಿದ್ವಿ. ಇವತ್ತು ಎತ್ತು ಕಟ್ಬೇಕಿತ್ತು. ಅಷ್ಟರಾಗೆ ನೀವೇ ಇಳಿದ್ಬುಟ್ರಿ. ಪೂಜೆ ಆದ ಕಣಕ್ಕೆ ಮೊದ್ಲು ಯಾವುದು ಇಳೀತದೋ ಅದೇ ತುಳೀಬೇಕು. ತುಳೀದೆ ಆಚಿಗೆ ಹೋದ್ರೆ ಆ ವರ್ಷ ಕಣದಾಗೆ ಕಾಳು ನಿಲ್ಲಾಕಿಲ್ಲ. ನಮ್ಮ ತಾತನ ಕಾಲದಿಂದ ಹಂಗೇಯ."

"ಅದು ಎತ್ತಿಗೆ ಕಣ್ರೀ! ಇದು ಕಾರು!"

"ನಮ್ಗೆ ಅದ್ರಾಗೇನೂ ಭೇದ ಇಲ್ಲ," ಎಂದು ಚೌಡಕ್ಕ ಸಮಾಧಾನ ಹೇಳಿದಳು. "ವರ್ಷಾ ವರ್ಷಾ ಮಿಕ್ಕಿದ ಹುರುಳೀನ ದೊಡ್ಡ ರಸ್ತೆಗಂಟ ಹೊತ್ಕೊಂಡೋಗಿ ಬಸ್ಸಿನ ಚಕ್ರಕ್ಕೆ ಹಾಸ್ತೀವಿ. ಆ ಡ್ರೈವರ್ ಬಾಯಿಗೆ ಬಂದಂಗೆ ಬೈತಾನೆ. ಇವತ್ತು ಚಕ್ರಾನೇ ನಮ್ಮ ಮನೆ ಬಾಗಿಲಿಗೆ ಬಂದೈತೆ. ಸ್ವಾಮಿ ಕಳ್ಸಿದ್ದಲ್ದೆ ಇನ್ನೇನಪ್ಪ?"

ಶಿವಯೋಗಪ್ಪ ಹೆಂಡತಿಯ ಕಡೆ ನೋಡಿದ. ಅವಳಾಗಲೇ ಹೆಂಗಸರ ಸಾಲಿನಲ್ಲಿ ನಿಂತು ಮೊರ ಹಿಡಿದುಕೊಂಡಿದ್ದಳು.

ಬೇರೆ ದಾರಿಯಿರಲಿಲ್ಲ. ಕಣದಿಂದ ಹೊರಗೆ ಹೋಗುವ ಒಂದೇ ಒಂದು ಜಾಗದಲ್ಲಿ ಚೌಡಕ್ಕ ಕಾಲು ಚಾಚಿ ಕೂತಿದ್ದಳು. ಎರಡು ಸುತ್ತು ಹಾಕಿ ಹೊರಟುಬಿಡೋಣವೆಂದು ಅವನು ಒಳಗೆ ಕೂತ.

"ಆಗಂಡಿ! ಒಂದು ಗಳಿಗೆ!" ದಾಸಣ್ಣ ಓಡಿಬಂದ. ಅವನ ಕೈಯಲ್ಲಿ ಹಗ್ಗದಲ್ಲಿ ಹೆಣೆದ ಎರಡು ಕುಕ್ಕೆಗಳಿದ್ದವು. ಕಣ ತುಳಿಯುವ ಎತ್ತು ಕಾಳಿಗೆ ಬಾಯಿ ಹಾಕಬಾರದೆಂದು ಮೂತಿಗೆ ಕಟ್ಟುವಂಥವು. "ಇದರ ಬಾಯಿ ಎಲ್ಲೈತೆ ಸ್ವಾಮಿ?"

"ಇದು ಹುರುಳಿ ತಿನ್ನಾಕಿಲ್ಲ ಕಣಯ್ಯ!"

"ಎಲ್ರೂ ತಮ್ಮ ಎತ್ತಿಗೆ ಹಂಗೇ ಅಂತಾರೆ," ಎಂದು ದಾಸಣ್ಣ ಮುಂದಿನ ಜಾಲರಿಗೆ ಒಂದು ಕುಕ್ಕೆ ಬಿಗಿದ. ಇನ್ನೊಂದನ್ನು ಎಲ್ಲಿ ಕಟ್ಟುವುದೆಂದು ಯೋಚಿಸಿ, ಜೋಡಿ ಮುರಿಯಬಾರದೆಂದು ಅದನ್ನೂ ಅದರ ಪಕ್ಕದಲ್ಲೇ ಕಟ್ಟಿದ.

ಕಾರು ಹೊರಟಿತು. "ಪೊಲಿಗೋ ಪೊಲಿ!" ಎಂದು ಕಣದ ಕೂಗು ಎದ್ದಿತು. ಎರಡು ಸುತ್ತಾಯಿತು. ಗಿಡ ಮಗುಚಿ ಹಾಕಿದರು, ಇನ್ನೆರಡು ಸುತ್ತಾಯಿತು. ಕಾರಿನ ಹಿಂದೆಯೇ ಒಬ್ಬ ಮುದುಕ ಎರಡೂ ಕೈಯಲ್ಲಿ ಒಣಹುಲ್ಲಿನ ಸಿಂಬೆ ಹಿಡಿದು ಬಗ್ಗಿಕೊಂಡು ಓಡುತ್ತಿದ್ದುದನ್ನು ಶಿವಯೋಗಪ್ಪ ಕನ್ನಡಿಯಲ್ಲಿ ಕಂಡ.

"ಅವರ್ಯಾಕೆ ಹಿಂದೆ ಬತ್ತಾವ್ರೆ?"

"ಕಾಳಿನ ಮ್ಯಾಲೆ ಸಗಣಿ ಬೀಳಬಾರ್ದಲ್ಲ ಸ್ವಾಮಿ," ಎಂದ ವೆಂಕಟರಮಣಪ್ಪ. "ಹಿಡ್ಕೊಳ್ಳಾಕೆ."

ಅಷ್ಟರಲ್ಲಿ ಕಾರಿನ ಹೊಟ್ಟೆಯಿಂದ ಒಂದು ತೊಟ್ಟು ಎಣ್ಣೆ ತೊಟ್ಟಿಕ್ಕಿತು. ಮುದುಕ ಅದನ್ನು ಸಿಂಬೆಯಲ್ಲಿ ಹಿಡಿದು, ಮೂಸಿ, ಮುಖ ಸಿಂಡರಿಸಿ, "ಹೊಟ್ಟೆ ಕೆಟ್ಟೈತೆ ಪಾಪ," ಎಂದ. ಕಣವೆಲ್ಲ ನಕ್ಕಿತು. ನಿರ್ಮಲಮ್ಮ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬಾರದೆಂದು ಹಲ್ಲು ಕಚ್ಚಿದ್ದ ಶಿವಯೋಗಪ್ಪನಿಗೂ ಕಡೆಗೆ ತಡೆಯಲಾಗಲಿಲ್ಲ. ನಕ್ಕವನು ಒಂದು ಸುತ್ತು ಹೆಚ್ಚಿಗೆ ಹಾಕಿದ.

ಅದೇ ತಪ್ಪಾಯಿತು. ಸ್ವಾಮಿಗಳು ಒಳ್ಳೆಯವರೆಂದು ಸುದ್ದಿ ಹರಡಿತು. ವೆಂಕಟರಮಣಪ್ಪನ ಹುರುಳಿ ಮುಗಿಯುವಷ್ಟರಲ್ಲಿ ದಾಸಣ್ಣನದು ಬಂತು, ದಾಸಣ್ಣನದು ಮುಗಿಯುವಷ್ಟರಲ್ಲಿ ಚೌಡಕ್ಕನದು. ಆಮೇಲೆ ಪಕ್ಕದೂರಿನ ಗಾಡಿಯೇ ಬಂದು ನಿಂತಿತು. ಪ್ರತಿಯೊಬ್ಬರದೂ ಒಂದೇ ಮಾತು: "ನಮ್ದೊಂದು ಚೂರು ಸ್ವಾಮಿ." ಬಿಸಿಲು ನೆತ್ತಿ ದಾಟಿ ಪಡುವಲಿಗೆ ವಾಲಿತು. ಸಾಹುಕಾರರು ಕಲ್ಯಾಣದುರ್ಗದಲ್ಲಿ ಬಸ್ಸು ಹತ್ತಿರಬಹುದು ಎಂದು ಶಿವಯೋಗಪ್ಪ ಲೆಕ್ಕ ಹಾಕಿದ. ಮೇಟಿಯ ಸುತ್ತ ಸುತ್ತಿ ಸುತ್ತಿ ಅವನಿಗೆ ಗುಡ್ಡವೂ ಸುತ್ತುತ್ತಿರುವಂತೆ ಕಂಡಿತು.

ಕಾರಿಗೂ ಹಾಗೇ ಅನ್ನಿಸಿರಬೇಕು. ಕೊರ್ ಎಂದು ಗೊರಕೆ ಹೊಡೆದು, ಮೂತಿಯಿಂದ ಬುಸ್ಸೆಂದು ಹಬೆ ಬಿಟ್ಟು ನಿಂತುಬಿಟ್ಟಿತು.

ಶಿವಯೋಗಪ್ಪ ಬಾಗಿಲು ತೆರೆದು ಹೊರಗೆ ಹಾರಿದ. ಆದರೆ ಅವನು ಒಂದು ದಿನವಿಡೀ ಅತ್ತು ಕರೆದರೂ ಆಗದ ಕೆಲಸವನ್ನು ಆ ಹಬೆ ಮಾಡಿತು. ವೆಂಕಟರಮಣಪ್ಪ ಕೈ ಮೇಲೆತ್ತಿ ಗದರಿದ: "ಸಾಕ್ರಲಾ! ಬಾಯಲ್ಲಿ ನೊರೆ ಬತ್ತಾ ಐತೆ! ಮೂಕಪ್ರಾಣೀನ ಹಿಂಗಾ ದುಡಿಸ್ಕೊಳ್ಳೋದು? ಕೊಳ್ಳು ಹರೀರಿ, ಬಿಟ್ಬುಡ್ರಿ!"

ದೀಪಗಳ ಹಾರ ತೆಗೆದರು. ಕುಕ್ಕೆ ಬಿಚ್ಚಿದರು. ತಣ್ಣೀರು ತಂದು ಹೊಯ್ದರು. ಯಾರೋ ಒಂದು ಬುಟ್ಟಿ ಕಡ್ಲೇಕಾಯಿ ಹಿಂಡಿಯನ್ನೂ ತಂದು ಮುಂದಿಟ್ಟರು. ಮೈ ತಣ್ಣಗಾದ ಮೇಲೆ ಕಾರು ಪುನಃ ಉಸಿರಾಡಿತು. ಶಿವಯೋಗಪ್ಪ ಹೆಂಡತಿಯನ್ನು ಎಳೆದು ಕೂರಿಸಿಕೊಂಡ.

"ಎತ್ತಿನ ಪಾಲು!" ವೆಂಕಟರಮಣಪ್ಪ ಹುರುಳಿ ಮೂಟೆಯೊಂದನ್ನು ಉರುಳಿಸಿಕೊಂಡು ಬಂದ. "ತುಳಿದ ಎತ್ತಿನ ಪಾಲು ಇಟ್ಕೊಂಡ್ರೆ ನಮ್ಗೆ ದಕ್ಕಾಕಿಲ್ಲ ಸ್ವಾಮಿ."

ಹುರುಳಿ ಮೂಟೆ ಹೊತ್ತ ಕಾರನ್ನು ಸಾಹುಕಾರರ ಶೆಡ್ಡಿಗೆ ಒಯ್ಯುವುದೆ! "ನಂಗೆ ಬ್ಯಾಡಪ್ಪ, ಒಂದು ಕಾಳೂ ಬ್ಯಾಡ!"

"ನಿಮ್ಗೆ ಯಾರು ಕೊಡ್ತಾರೆ? ಪಾಲು ಎತ್ತಿನ ಯಜಮಾನಂದು," ಎನ್ನುತ್ತಿದ್ದಳು ಚೌಡಕ್ಕ. ಅವಳು ಮಾತು ಮುಗಿಸುವಷ್ಟರಲ್ಲಿ ಕಾರು ಹುಣಸೆಮರ ದಾಟಿತ್ತು.

ದಾರಿಯುದ್ದಕ್ಕೂ ನಿರ್ಮಲಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಏನೆಂದು ಕೇಳಿದರೆ "ಏನಿಲ್ಲ, ನೀವು ಮುಂದೆ ನೋಡ್ಕೊಂಡು ಓಡ್ಸಿ," ಎಂದಳು.

ಬಸ್ಸಿಗಿಂತ ಮುಂಚೆ ಹಿಂದೂಪುರ ಸಿಕ್ಕಿತು. ಮಂಡಿಯ ಹಿಂದಿನ ಬಾವಿಯ ನೀರು ಸೇದಿ ಸೇದಿ ಇಬ್ಬರೂ ಕಾರನ್ನು ತೊಳೆದರು. ವಿಭೂತಿ ಹೋಯಿತು, ಕುಂಕುಮ ಹೋಯಿತು. ಮಡ್‌ಗಾರ್ಡಿನ ಸಂದಿಯಲ್ಲಿ ಸಿಕ್ಕಿಕೊಂಡ ಹುರುಳಿ ಹೊಟ್ಟನ್ನು ನಿರ್ಮಲಮ್ಮ ತುರುಬಿನ ಪಿನ್ನಿನಿಂದ ಹೆಕ್ಕಿ ತೆಗೆದಳು. ಪುಣ್ಯಕ್ಕೆ ಎಲ್ಲೂ ಒಂದು ಗೀರಿರಲಿಲ್ಲ. ದುಪ್ಪಟಿ ಹೊದಿಸಿದ ಮೇಲೆ ಕಾರು ನಿನ್ನೆಯಿಂದ ಮಗ್ಗುಲೇ ಬದಲಿಸದ ಹಾಗೆ ಕಂಡಿತು. ಶಿವಯೋಗಪ್ಪ ಮುಖ ತೊಳೆದು, ಬೇರೆ ಅಂಗಿ ತೊಟ್ಟು, ಹೆಂಡತಿಯೊಡನೆ ಬಸ್ ಸ್ಟ್ಯಾಂಡಿಗೆ ಬಂದ. ಕೆಲಸ ಉಳಿಯಿತು! ಅವನಿಗೆ ಕುಣಿಯಬೇಕೆನ್ನಿಸಿತು.

ಕಲ್ಯಾಣದುರ್ಗದ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಸಾಹುಕಾರರು ಇಳಿದರು. ರುಮಾಲು ಸರಿಮಾಡಿಕೊಂಡು ಕೇಳಿದರು: "ಏನಯ್ಯ, ಕಾರು ಹೆಂಗೈತೆ?"

"ಹೊದಿಸಿದ ದುಪ್ಪಟಿ ಹೊದಿಸ್ದಂಗೇ ಐತೆ ಸಾಹುಕಾರ್ರೇ. ನಾನು ಆ ಕಡೆ ತಿರುಗಿ ಸೈತ ನೋಡಿಲ್ಲ."

"ಸಂತೋಷ. ಮ್ಯಾಲೆ ನಂದೊಂದು ಮೂಟೆ ಐತೆ, ಇಳಿಸ್ಕೊ."

ಶಿವಯೋಗಪ್ಪ ಚುರುಕಾಗಿ ಬಸ್ಸಿನ ನೆತ್ತಿ ಹತ್ತಿದ. ಮೂಟೆಗೆ ಕೈ ಹಾಕಿದವನು ಹಾಗೇ ನಿಂತ. ಮೂಟೆಯ ಬಾಯಿಗೆ ಬಾಡಿದ ಚೆಂಡುಹೂವಿನ ಹಾರ ಕಟ್ಟಿತ್ತು.

"ಅಗೋ, ಅವರೇ!" ಕೆಳಗೆ ಕಿಟಕಿಯಿಂದ ಚೌಡಕ್ಕನ ತಲೆ ಹೊರಬಂತು. "ಸಾಹುಕಾರ್ರೇ, ನಿಮ್ಮ ಎತ್ತು ಹೊಡೆದೋರು ಅವರೇ ಕಣಪ್ಪ! ನಾನೂ ಮಗಳ ಮನೆಗೆ ಬರೋಳಿದ್ನಲ್ಲ, ಪಾಲು ಯಜಮಾನ್ರಿಗೇ ಮುಟ್ಟಿಸಾನ ಅಂತ ದೊಡ್ಡ ರಸ್ತೆಗೆ ತಂದು ಬಸ್ಸಿಗೆ ಹಾಕಿದ್ರೆ, ಯಜಮಾನ್ರೇ ಬಸ್ಸಾಗೆ ಕೂತವ್ರೆ! ಏಮಿ ಅದೃಷ್ಟಂ!"

ಬಸ್ಸಿನ ನೆತ್ತಿಯಿಂದ ಇಳಿಯುವುದಕ್ಕೆ ಶಿವಯೋಗಪ್ಪ, ಕರಿಗುಡ್ಡ ಹತ್ತುವುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಸಾಹುಕಾರರು ಅವನನ್ನು ಪಕ್ಕಕ್ಕೆ ಕರೆದರು.

"ನಾನೇ ಕಳ್ಸಿದ್ದು ಅಂದ್ಯಂತೆ?"

"ಬಾಯಿ ತಪ್ಪಿ ಬಂದ್ಬುಡ್ತು ಸಾಹುಕಾರ್ರೇ..."

"ಆ ಮುದುಕಿ ರೊದ್ದಮ್ಮಿಂದ ಇಲ್ಲಿಗಂಟ ಬಾಯಿ ಮುಚ್ಚಿಲ್ಲ ಕಣಯ್ಯ. ಧರ್ಮಾತ್ಮರು, ಕಾರನ್ನೇ ಕಣಕ್ಕೆ ಬಿಟ್ರು ಅಂತ. ನನ್ನ ಹೆಸರು ಕೇಳಿ ಕಂಡಕ್ಟರ್ರು ಇವರೇ ಅಂತ ತೋರಿಸ್ಬುಟ್ಟ. ಇಡೀ ಬಸ್ಸು ಎದ್ದು ನಿಂತು ನಂಗೆ ಕೈ ಮುಗೀತು. ನಾನು ಸುಟ್ಕೊಂಡು ಬೂದಿ ಆಗ್ತಾ ಇದ್ದೆ, ಆದ್ರೂ ಅಷ್ಟು ಜನದ ಮುಂದೆ ಇಲ್ಲ ಅನ್ನಾಕಾಯ್ತದಾ? ಹೂಂ ಅಂದೆ." ಸಾಹುಕಾರರು ಹೆಗಲ ಮೇಲಿನ ವಲ್ಲಿ ಕೊಡವಿದರು. ಕೋಪದ ನಡುವೆಯೂ ಅವರ ಮುಖದಲ್ಲಿ ಹೊಸದೊಂದು ಕಳೆಯಿತ್ತು; ಜೀವಮಾನದಲ್ಲಿ ಯಾರೂ ಅವರನ್ನು ಧರ್ಮಾತ್ಮರೆಂದಿರಲಿಲ್ಲ. "ಹೂಂ ಅಂದ ಮ್ಯಾಲೆ ಕಂಬದೂರಿನೋನು ನಮ್ಮೂರಿಗೂ ಕಳ್ಸಿ ಅಂದ. ಕುಂದುರ್ಪಿಯೋನು ನಮ್ಮೂರಿಗೂ ಅಂದ. ಮಾತು ಕೊಟ್ಬುಟ್ಟಿದೀನಿ. ಮುಂದಿನ ಭಾನುವಾರ ಕಂಬದೂರು, ಅದರ ಮುಂದಿನದು ಕುಂದುರ್ಪಿ. ಹುರುಳಿ ಮುಗಿಯಾಗಂಟ ಒಂದು ಭಾನುವಾರಾನೂ ಖಾಲಿ ಇಲ್ಲ. ನೀನೇ ಓಡ್ಸ್‌ಬೇಕು."

"ಹಂಗಾದ್ರೆ... ನನ್ನ ಕೆಲಸ?"

"ಇರ್ತದೆ. ಆದ್ರೆ ನಾನಂದ ಮಾತು ಅಂದಂಗೇ ಐತೆ. ಅದರ ಮೈಮ್ಯಾಲೆ ಒಂದು ಗೀರು ಕಂಡ್ತೋ, ಮಂಡಿ ಮೆಟ್ಲು ಹತ್ತೋದು ಬ್ಯಾಡ." ಸಾಹುಕಾರರು ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಮೂಟೇನ ಹೊತ್ಕೊಂಡು ಬಾ. ಕಾರು ತರಬ್ಯಾಡ, ದಣಿದೈತೆ."

ಶಿವಯೋಗಪ್ಪ ಮೂಟೆಯನ್ನು ಬೆನ್ನಿಗೇರಿಸಿಕೊಂಡ. ಭಾರವಿದ್ದರೂ ಸಮಾಧಾನದ ಉಸಿರು ಬಂತು. ಪಕ್ಕದಲ್ಲಿ ನಿರ್ಮಲಮ್ಮ ಆಕಾಶಕ್ಕೆ ಕೈ ಮುಗಿದು ಸಂತೋಷದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾನಂದಿದ್ನಲ್ಲ! ಸ್ವಾಮಿ ನಿಮ್ಮ ಕೆಲಸ ಉಳಿಸ್ದ ಕಣ್ರೀ! ಕಾರಾಗೆ ಬರ್ವಾಗ್ಲೇ ಹೇಳ್ಕೊಂಡಿದ್ದೆ."

ಶಿವಯೋಗಪ್ಪನ ಕಾಲು ಅಲ್ಲೇ ನಿಂತಿತು. "ಏನಂತ ಹೇಳ್ಕೊಂಡೆ?"

"ಈ ಗಂಡಾಂತರ ದಾಟಿಸಿದ್ರೆ ಇಬ್ರೂ ಮತ್ತೆ ಬಂದು ದೀಪ ಹಚ್ತೀವಿ ಅಂತ. ಕಾರಾಗಲ್ಲ ಮತ್ತೆ, ಇಲ್ಲಿಂದ ಗುಡ್ಡದಗಂಟ ಬರಿಗಾಲಾಗೆ ನಡ್ಕೊಂಡು." ಅವಳು ಸೆರಗು ಸರಿಮಾಡಿಕೊಂಡು ಗಂಡನ ಮುಖ ನೋಡಿದಳು. "ಯಾವ ಭಾನುವಾರ ಹೋಗಾನ?"